ಒಂಬತ್ತು ವರ್ಷ ತಡವಾಗಿ ಬಂದ ನಗು

ನಗುವ ವಿಷಯದಲ್ಲಿ ನಿಧಾನಯ್ಯನವರು ಯಾವಾಗಲೂ ಎಲ್ಲರಿಗಿಂತ ಹಿಂದೆ. ನಿಧಾನಯ್ಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ಸಹೋದ್ಯೋಗಿಗಳು ಇಟ್ಟದ್ದು. ಇಟ್ಟು ಎರಡು ವಾರವಾದ ಮೇಲೆ, ಯಾಕೆ ಇಟ್ಟರು ಎಂಬುದು ನಿಧಾನಯ್ಯನವರಿಗೆ ಹೊಳೆಯಿತು. ಕೋಪ ಮಾಡಿಕೊಳ್ಳಬೇಕು ಎಂದು ಅವರು ತೀರ್ಮಾನಿಸುವಷ್ಟರಲ್ಲಿ ಹೆಸರು ಹಳೆಯದಾಗಿ, ಕರೆದರೆ ಓಗೊಡುವ ಅಭ್ಯಾಸವೂ ಆಗಿಹೋಗಿತ್ತು.

ದಡ್ಡರೇನಲ್ಲ. ಕಚೇರಿಯ ದಾಖಲೆ ಕೋಣೆ ಅವರದು. ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟು, ಕಪಾಟಿನ ತುಂಬ ದಾರ ಕಟ್ಟಿದ ಕಡತ. ಮೂವತ್ತು ವರ್ಷದ ಹಿಂದೆ ಯಾವ ಬೀದಿಯಲ್ಲಿ ಯಾವ ಕೊಳವೆ ಒಡೆಯಿತು ಎಂದು ಕೇಳಿದರೆ, ಏಣಿ ಹತ್ತಿ ಮೂರನೇ ನಿಮಿಷಕ್ಕೆ ಕಾಗದದೊಂದಿಗೆ ಇಳಿದು ಬರುತ್ತಿದ್ದರು. ಆದರೆ ತಮಾಷೆಯ ಮಾತೊಂದು ಕಿವಿಗೆ ಬಿದ್ದರೆ ಅದನ್ನೂ ಅವರು ಕಡತದ ಹಾಗೆಯೇ ನೋಡಿಕೊಳ್ಳುತ್ತಿದ್ದರು: ಸ್ವೀಕರಿಸಿ, ನಮೂದಿಸಿ, ಒಳಗಿಟ್ಟು, ಸರದಿ ಬಂದಾಗ ತೆಗೆಯುವುದು. ಕ್ಷೌರದಂಗಡಿಯಲ್ಲಿ ಶನಿವಾರ ಕೇಳಿದ ಮಾತಿಗೆ ಸೋಮವಾರ ಹೊಸ ನಲ್ಲಿ ಕೇಳಿಕೊಂಡು ಬಂದ ಮುದುಕಿಯ ಎದುರು ನಕ್ಕು, ಆಕೆ ತನ್ನ ಅರ್ಜಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ಹೆದರಿ ಅದನ್ನು ಕಸಿದುಕೊಂಡು ಹೋದದ್ದುಂಟು. ಹೆಂಡತಿ ಈ ಗುಣಕ್ಕೆ ಹೊಂದಿಕೊಂಡಿದ್ದಳು. ಭಾನುವಾರ ಮನೆಗೆ ನೆಂಟರು ಬರುವವರಿದ್ದರೆ ಶುಕ್ರವಾರ ಬೆಳಿಗ್ಗೆಯೇ ಗಂಡನಿಗೊಂದು ತಮಾಷೆ ಹೇಳಿಡುತ್ತಿದ್ದಳು. ಭಾನುವಾರ ಅವರು ಹಸನ್ಮುಖರಾಗಿ ಬಾಗಿಲು ತೆಗೆಯುತ್ತಿದ್ದರು.

ಇಂಥವರು ಶೋಕಸಭೆಯಲ್ಲಿ ನಕ್ಕುಬಿಟ್ಟರು.

ತೀರಿಕೊಂಡವರು ಅದೇ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದು ಹಿಂದಿನ ವರ್ಷ ನಿವೃತ್ತರಾಗಿದ್ದ ಹೆಡ್ ಕ್ಲಾರ್ಕರು. ಸುದ್ದಿ ತಲುಪುವಾಗಲೇ ಎಂಟು ದಿನವಾಗಿತ್ತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ದೊಡ್ಡ ಹಾಲಿನಲ್ಲಿ ತಂತಮ್ಮ ಮೇಜಿನ ಪಕ್ಕ ಎದ್ದು ನಿಂತರು. ಸಾಹೇಬರು ನಾಲ್ಕು ತಿಂಗಳ ಹಿಂದಷ್ಟೇ ವರ್ಗವಾಗಿ ಬಂದವರು. ಹೆಡ್ ಕ್ಲಾರ್ಕರ ಮುಖವನ್ನೇ ಕಂಡವರಲ್ಲ. ಆದರೆ ಎಲ್ಲವೂ ನಿಯಮದ ಪ್ರಕಾರ ನಡೆಯಬೇಕು ಎನ್ನುವ ಮನುಷ್ಯ. ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, "ಎರಡು ನಿಮಿಷ ಮೌನ. ಈಗ ಶುರು," ಎಂದರು.

ಹೊರಗೆ ಜಡಿಮಳೆ. ಒಂದು ನಿಮಿಷ ಕಳೆಯಿತು. ನಿಧಾನಯ್ಯನವರ ನೆತ್ತಿಯ ನೇರಕ್ಕೆ ಇದ್ದ ಫ್ಯಾನಿನ ರೆಕ್ಕೆಯಿಂದ ಒಂದು ಹನಿ ಜಾರಿ ಮೂಗಿನ ಮೇಲೆ ಬಿತ್ತು. ಅವರು ತಲೆಯೆತ್ತಿ ಫ್ಯಾನನ್ನು ನೋಡಿದರು. ಇನ್ನೊಂದು ಹನಿ ಬಿತ್ತು. ಮೂರನೆಯ ಹನಿಗೆ ಅವರ ಹುಬ್ಬು ಮೇಲೇರಿತು, ಭುಜ ಕುಲುಕಿತು, ತಡೆದು ಹಿಡಿದ ನಗು ಮೊದಲು ಮೂಗಿನಿಂದ ಸಣ್ಣಗೆ ಸೋರಿ, ಆಮೇಲೆ ಕಟ್ಟೆಯೊಡೆದ ಹಾಗೆ ಬಾಯಿಂದ ಹೊರಬಂತು. ಪಕ್ಕದಲ್ಲಿದ್ದ ಟೈಪಿಸ್ಟ್ ಹೆಂಗಸು ಮೊಣಕೈಯಿಂದ ತಿವಿದಳು. ತಿವಿದಷ್ಟೂ ಹೆಚ್ಚಾಯಿತು. ಕೊನೆಗೆ ಅವರು ಮೇಜಿನ ಅಂಚು ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಉಸಿರು ಬಿಟ್ಟು ನಿಂತಾಗ ಇಡೀ ಹಾಲು ಅವರನ್ನೇ ನೋಡುತ್ತಿತ್ತು.

ಸಾಹೇಬರು ಗಡಿಯಾರ ನೋಡಿ, "ಮೂವತ್ತು ಸೆಕೆಂಡು," ಎಂದರು. ಸ್ವಲ್ಪ ಯೋಚಿಸಿ, "ಇದು ಮೌನ ಅನ್ನಿಸ್ಕೊಳ್ಳಲ್ಲ. ಮತ್ತೆ ಮೊದಲಿಂದ," ಎಂದರು. ಹೀಗೆ ಹೆಡ್ ಕ್ಲಾರ್ಕರಿಗೆ ಒಟ್ಟು ಮೂರು ನಿಮಿಷದ ಗೌರವ ಸಂದಿತು. ಆ ಕಚೇರಿಯಲ್ಲಿ ಅಷ್ಟು ಹೊತ್ತು ಯಾರಿಗಾಗಿಯೂ ಯಾರೂ ಎದ್ದು ನಿಂತದ್ದಿಲ್ಲ.

ಊಟದ ವೇಳೆಗೆ ನಿಧಾನಯ್ಯನವರ ಮೇಜಿಗೆ ಮೆಮೊ ಬಂತು.

'ಇಂದು ಬೆಳಿಗ್ಗೆ 11 ಗಂಟೆ 1 ನಿಮಿಷಕ್ಕೆ, ದಿವಂಗತರ ಗೌರವಾರ್ಥ ಮೌನ ಆಚರಿಸಲಾಗುತ್ತಿದ್ದ ಅವಧಿಯಲ್ಲಿ, ತಾವು ಸುಮಾರು ಮೂವತ್ತು ಸೆಕೆಂಡುಗಳ ಕಾಲ ನಕ್ಕಿರುವುದು ಕಂಡುಬಂದಿರುತ್ತದೆ. ಸದರಿ ನಗುವಿಗೆ ಕಾರಣವೇನೆಂದು ಮೂರು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಸದರಿ ನಗುವಿಗೆ ಯಾವುದೇ ಕಾರಣವಿರಲಿಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.'

ಮುಂದಿನ ಕ್ರಮ ಎಂದರೆ ವರ್ಗಾವಣೆ ಎಂದು ಎಲ್ಲರಿಗೂ ಗೊತ್ತಿತ್ತು. ಊರಾಚೆ ಹನ್ನೆರಡು ಮೈಲಿ ದೂರದಲ್ಲಿ ಒಂದು ಪಂಪ್ ಹೌಸ್. ಅಲ್ಲಿ ಒಂದು ಪಂಪು, ಒಂದು ಸ್ಟೂಲು. ಕಡತ ಎಂಬುದೇ ಇಲ್ಲ.

ಮನೆಯಲ್ಲಿ ಹೆಂಡತಿ ಮೆಮೊವನ್ನು ಎರಡು ಸಲ ಓದಿದಳು. "ಅಲ್ಲ ರೀ, ನಕ್ಕಿದ್ದು ಯಾಕೆ? ಅದನ್ನ ಮೊದ್ಲು ಹೇಳಿ."

"ಹೆಡ್ ಕ್ಲಾರ್ಕರು ಒಂದು ಮಾತು ಹೇಳಿದ್ರು. ಆಗ ಅರ್ಥ ಆಗಿರ್ಲಿಲ್ಲ. ಇವತ್ತಾಯ್ತು."

"ಯಾವಾಗ ಹೇಳಿದ್ರು?"

"ಒಂಬತ್ತು ವರ್ಷ ಆಯ್ತು."

ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ಮೂರು ದಿನ, ಹೆಚ್ಚೆಂದರೆ ಒಂದು ವಾರ, ಇದು ಅವಳ ಅನುಭವ. ಒಂಬತ್ತು ವರ್ಷದ ಸಂಗತಿ ಅವಳಿಗೂ ಹೊಸದು.

ನಿಧಾನಯ್ಯನವರು ಹೇಳಿದರು. ಆವತ್ತೂ ಹೀಗೇ ಮಳೆ. ಒಂದು ಬೀದಿಯವರಿಂದ ದೂರು ಬಂದಿತ್ತು: ವಾರದಿಂದ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬರುತ್ತಿದೆ ಎಂದು. ಹೆಡ್ ಕ್ಲಾರ್ಕರು ದೂರನ್ನು ಓದಿ, ಮೇಲೆ ನೋಡಿದರು. ಸೂರು ಸೋರಿ, ನೀರು ಫ್ಯಾನಿನ ಕಂಬಿ ಹಿಡಿದು ಇಳಿದು, ರೆಕ್ಕೆಯಿಂದ ಅವರ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. "ಅವರ ನಲ್ಲೀಲಿ ಗಾಳಿ ಬರ್ತಿದೆ, ನಮ್ಮ ಫ್ಯಾನಲ್ಲಿ ನೀರು ಬರ್ತಿದೆ. ಎಲ್ಲೋ ಕನೆಕ್ಷನ್ ಅದಲುಬದಲಾಗಿದೆ, ನೋಡ್ರಪ್ಪಾ," ಎಂದರು. ಎಲ್ಲರೂ ನಕ್ಕರು.

"ನೀವು?"

"ನಾನು ನೋಡ್ದೆ."

"ಏನು ನೋಡಿದ್ರಿ?"

"ಕನೆಕ್ಷನ್. ಕೊಳವೆ ನಕ್ಷೆ ಎಲ್ಲಾ ತೆಗೆದು ಮೂರು ದಿನ ನೋಡ್ದೆ. ಆ ಬೀದಿಗೂ ನಮ್ಮ ಫ್ಯಾನಿಗೂ ಯಾವ ಸಂಬಂಧಾನೂ ಇಲ್ಲ ಅಂತ ವರದಿ ಬರೆದುಕೊಟ್ಟೆ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಒಳಗಿನಿಂದ ಪಾತ್ರೆಯೊಂದು ಬಿದ್ದ ಸದ್ದಾಯಿತು. ಹೊರಗೆ ಬರಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆ ವಾರ ಮಾವನವರು ಮಗಳ ಮನೆಯಲ್ಲೇ ಇದ್ದರು. ಕೋರ್ಟಿನಲ್ಲಿ ನ್ಯಾಯಾಧೀಶರ ಕೆಳಗೆ ಕೂತು ಮೂವತ್ತೈದು ವರ್ಷ ಕಾಗದ ಎತ್ತಿಕೊಟ್ಟವರು. ಸತ್ಯ ಬರೆಯುವುದು ಅಪಾಯ ಎಂಬುದು ಅವರ ಒಟ್ಟು ಜೀವನದ ತಿಳಿವಳಿಕೆ.

"ಅಳಿಯಂದ್ರೇ, ನಕ್ಕೆ ಅಂತ ಒಪ್ಕೊಂಡ್ರೆ ಕೆಟ್ರಿ," ಎಂದರು. "ನೀವು ನಕ್ಕೇ ಇಲ್ಲ. ಅತ್ರಿ."

"ಎಲ್ಲರೂ ನೋಡಿದಾರಲ್ಲ ಮಾವ."

"ನೋಡಿದ್ದೇನು? ಭುಜ ಅಲ್ಲಾಡಿದ್ದು, ಕಣ್ಣಲ್ಲಿ ನೀರು ಬಂದಿದ್ದು. ಎರಡಕ್ಕೂ ಅದೇ ಲಕ್ಷಣ. ಇನ್ನು ಸದ್ದು. ಕೆಲವರು ಅತ್ತರೆ ನಕ್ಕ ಹಾಗೇ ಕೇಳ್ಸುತ್ತೆ. ನೀವು ಆ ಪೈಕಿ. ನಾಳೆ ಸಾಹೇಬರು 'ಅತ್ತು ತೋರಿಸಿ' ಅಂದ್ರೆ ತೋರ್ಸೋಕೆ ಬರಬೇಕು. ಎಲ್ಲಿ, ಒಂದು ಸಲ ಅಳಿ."

ನಿಧಾನಯ್ಯನವರು ಹಿರಿಯರ ಮಾತು ಮೀರುವವರಲ್ಲ. ನಡುಕೋಣೆಯಲ್ಲಿ ನಿಂತು ಅತ್ತರು. ಅದು ಅಳುವಿನ ಹಾಗೆಯೇ ಕೇಳಿಸಿತು. "ಹೀಗಲ್ಲ, ನಗು ಬೆರೆಸಿ," ಎಂದರು ಮಾವ. ಬೆರೆಸಿದರು. "ಇನ್ನೂ ಸ್ವಲ್ಪ ಎದೆಯಿಂದ ಬರ್ಲಿ." ಎದೆಯಿಂದ ತಂದರು. ಐದನೆಯ ಪ್ರಯತ್ನದ ಹೊತ್ತಿಗೆ ಒಳ್ಳೆಯ ಹದ ಬಂದಿತ್ತು. ಮಾವನವರು ತಾವೂ ಒಂದೆರಡು ಸಲ ಅತ್ತು ತಿದ್ದಿದರು.

ಪಕ್ಕದ ಮನೆಯವನದು ಔಷಧಿ ಅಂಗಡಿ. ಗೋಡೆಗೆ ಕಿವಿಗೊಟ್ಟು ಕೇಳುವ ಪೈಕಿಯವನಲ್ಲ, ಆದರೆ ಗೋಡೆ ತೆಳು. ಮೊದಲು ಗಂಡಸೊಬ್ಬನ ಗೋಳು, ಆಮೇಲೆ ವಯಸ್ಸಾದವರೊಬ್ಬರ ನರಳಾಟ, ಆಮೇಲೆ ಆ ನರಳಾಟ ಥಟ್ಟನೆ ನಿಂತದ್ದು. ಅವನು ತೀರ್ಮಾನಕ್ಕೆ ಬಂದ. ಮಹಡಿಯಲ್ಲಿದ್ದ ಸಂಗೀತದ ಮೇಷ್ಟರಿಗೆ ಹೇಳಿದ. ಮೇಷ್ಟರು ಎದುರುಮನೆಯವರಿಗೆ ಹೇಳಿದರು. ಕಾಲು ಗಂಟೆಯಲ್ಲಿ ಏಳೆಂಟು ಮಂದಿ ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲ ಮೇಲೆ ನಿಂತರು. ಬಾಗಿಲು ತಟ್ಟಿದಾಗ ತೆಗೆದವರು ಮಾವನವರೇ.

ಔಷಧಿ ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವಾ?" ಎಂದ.

"ನಾನೇ. ಯಾಕೆ?"

"ಏನಿಲ್ಲ. ನಿಮ್ಮನ್ನೇ ನೋಡೋಣ ಅಂತ ಬಂದ್ವಿ."

"ನೋಡಿ. ಒಳಗೆ ಬನ್ನಿ," ಎಂದರು ಮಾವ, ಇಷ್ಟು ಜನಕ್ಕೆ ತಮ್ಮ ಮೇಲೆ ಇಷ್ಟು ಅಭಿಮಾನವಿರುವುದು ತಿಳಿದಿರಲಿಲ್ಲವಲ್ಲ ಎಂದು ಸಂತೋಷಪಟ್ಟು. ಬಂದವರು ಬಂದ ಕಾರಣ ಹೇಳಲಾರದೆ ಒಂದು ಗಂಟೆ ಕೂತು, ಅವರ ಕೋರ್ಟಿನ ಕಥೆಗಳನ್ನು ಕೇಳಿ, ಕಾಫಿ ಕುಡಿದು ಹೋದರು. ಅಷ್ಟು ಒಳ್ಳೆಯ ಸಂಜೆಯನ್ನು ನಿವೃತ್ತಿಯಾದ ಮೇಲೆ ಕಂಡಿರಲಿಲ್ಲ ಎಂದು ಮಾವನವರು ಮಗಳಿಗೆ ಎರಡು ಸಲ ಹೇಳಿದರು. ಅವಳು ಅವರಿಗೆ ನಿಜ ಹೇಳಲಿಲ್ಲ.

ಮೂರನೆಯ ದಿನ ನಿಧಾನಯ್ಯನವರು ಮಾವನವರು ಬರೆದುಕೊಟ್ಟಿದ್ದ ಅಳುವಿನ ಕರಡನ್ನು ಮಡಚಿ ಜೇಬಿಗಿಟ್ಟುಕೊಂಡು, ನಡೆದದ್ದನ್ನು ನಡೆದ ಹಾಗೆ ಬರೆದು ಸಾಹೇಬರ ಮೇಜಿನ ಮೇಲಿಟ್ಟರು. ಬೇರೆ ಏನು ಬರೆದರೂ ನೆನಪಿಟ್ಟುಕೊಳ್ಳುವುದು ಕಷ್ಟ ಎಂಬುದಷ್ಟೇ ಕಾರಣ.

ಸಾಹೇಬರು ಓದಿದರು. ಓದುವಾಗ ತುಟಿಯಾಗಲಿ ಹುಬ್ಬಾಗಲಿ ಅಲುಗಲಿಲ್ಲ. ಕೆಂಪು ಪೆನ್ಸಿಲಿನಿಂದ ಒಂದು ಸಾಲಿನ ಕೆಳಗೆ ಗೆರೆ ಎಳೆದರು.

"ಕನೆಕ್ಷನ್ ಅದಲುಬದಲಾಗಿದೆ ಅಂತ ಹೇಳಿದಾರೆ. ಇದು ಇಲಾಖೆ ಮೇಲೆ ಗಂಭೀರವಾದ ಆರೋಪ. ಯಾರಾದ್ರೂ ಪರಿಶೀಲನೆ ಮಾಡಿದ್ರಾ?"

"ನಾನೇ ಮಾಡಿದ್ದೆ ಸಾರ್. ಮೂರು ದಿನ."

"ಏನು ಕಂಡುಬಂತು?"

"ಸಂಬಂಧ ಇಲ್ಲ ಅಂತ ಕಂಡುಬಂತು ಸಾರ್."

"ಒಳ್ಳೇದು," ಎಂದರು ಸಾಹೇಬರು. ಅಂಥ ಪರಸ್ಪರ ತಿಳಿವಳಿಕೆ ಆ ಕೋಣೆಯಲ್ಲಿ ಅಪರೂಪ. ಆಮೇಲೆ ಸಾಹೇಬರು ಹೇಳಿದರು: "ಕಾರಣ ಇದೆ ಅಂತ ಒಪ್ಕೊಳ್ತೀನಿ. ಆದರೆ ತೀರಿಕೊಂಡವರ ಮನೆಯವರಿಗೆ ನೋವಾಗಿದ್ಯಾ ಇಲ್ವಾ ಅನ್ನೋದು ನಾನು ನಿರ್ಧಾರ ಮಾಡೋಕಾಗಲ್ಲ. ಅವರ ಹೆಂಡತಿ ಹತ್ರ ಹೋಗಿ. ನಡೆದದ್ದು ಹೇಳಿ. ಆಕ್ಷೇಪಣೆ ಇಲ್ಲ ಅಂತ ಬರಹದಲ್ಲಿ ತನ್ನಿ. ಆಕ್ಷೇಪಣೆ ಇದ್ರೂ ಬರಹದಲ್ಲಿ ತನ್ನಿ."

ಟೈಪಿಸ್ಟ್ ಹೆಂಗಸು ವಿಷಯ ಕೇಳಿ ಹಣೆ ಚಚ್ಚಿಕೊಂಡಳು. "ಗಂಡ ಹೋದವರ ಮನೆಗೆ ಹೋಗಿ 'ನಿಮ್ಮ ಯಜಮಾನ್ರು ಸತ್ತಾಗ ನಾನು ನಕ್ಕೆ' ಅಂತೀರಾ? ಪಂಪ್ ಹೌಸಿಗೆ ಹೋಗೋದೇ ವಾಸಿ. ಅಲ್ಲಿ ಯಾರೂ ಹೊಡೆಯೋರಿಲ್ಲ."

ಭಾನುವಾರ ಬೆಳಿಗ್ಗೆ ನಿಧಾನಯ್ಯನವರು ಹೋದರು.

ಎರಡು ಕೋಣೆಯ ಮನೆ. ಹೊರಕೋಣೆಯಲ್ಲಿ ಒಂದು ಬೆಂಚು, ಎರಡು ಕುರ್ಚಿ, ಗೋಡೆಗೆ ಒರಗಿಸಿದ ಛತ್ರಿ. ಗಂಡಸಿನ ಒಂದು ಜೊತೆ ಚಪ್ಪಲಿ ಬಾಗಿಲ ಹಿಂದೆ ಹಾಗೇ ಇತ್ತು. ಹೆಡ್ ಕ್ಲಾರ್ಕರ ಹೆಂಡತಿ ಸಣ್ಣ ಆಳು. ಬೆನ್ನು ನೇರ ಮಾಡಿಕೊಂಡು ಎದುರು ಕೂತರು. ಅವರ ಕಣ್ಣಲ್ಲಿ ನೀರಿರಲಿಲ್ಲ. ಬಂದು ಹೋಗುವವರಿಗೆ ಉತ್ತರ ಕೊಟ್ಟು ದಣಿದ ಮುಖ.

"ಆಫೀಸಿನಿಂದ ಬಂದ್ರಾ? ಕಾಗದಕ್ಕೆ ಏನಾದ್ರೂ ಸಹಿ ಬೇಕಿತ್ತಾ?"

"ಇಲ್ಲಮ್ಮಾ. ಅಂದ್ರೆ, ಬೇಕು. ಆದರೆ ಮೊದ್ಲು ಒಂದು ವಿಷಯ ಹೇಳ್ಬೇಕು. ನಾನು ನಕ್ಕುಬಿಟ್ಟೆ."

ಹೇಳಿದರು. ಮಳೆ, ಮೌನ, ಮೂಗಿನ ಮೇಲಿನ ಹನಿ, ಫ್ಯಾನು, ನಲ್ಲಿ, ಕನೆಕ್ಷನ್ನು, ಒಂದನ್ನೂ ಬಿಡದೆ. ಹೇಳಿ ಮುಗಿಸಿ, ನೆಲ ನೋಡುತ್ತ ಕೂತರು.

ಆಕೆ ನಗಲಿಲ್ಲ. ಸಿಟ್ಟಾಗಲೂ ಇಲ್ಲ.

"ಆ ಮಾತನ್ನ ಅವರು ಹೇಳಿದ್ರಾ?"

"ಹೌದಮ್ಮಾ."

"ಇವರು? ನಮ್ಮವರು?"

"ಹೌದು."

"ನೀವು ಬೇರೆ ಯಾರನ್ನೋ ಅಂದ್ಕೊಂಡಿದೀರಿ," ಎಂದರು ಆಕೆ. "ನಮ್ಮವರು ಅಂಥ ಮಾತು ಆಡೋರಲ್ಲ. ಮೂವತ್ತೊಂದು ವರ್ಷ ಇದ್ದೀನಿ ಅವರ ಜೊತೆ. ಮನೇಲಿ ಅವರು ಆಡ್ತಿದ್ದದ್ದು ಮೂರೇ ಮಾತು. ಬಂದೆ. ಹೋಗ್ತೀನಿ. ದೀಪ ಆರ್ಸು."

"ಆಫೀಸಲ್ಲಿ ಬಹಳ ಆಡ್ತಿದ್ರು. ದಿನಾ ಒಂದಾದ್ರೂ ಇರ್ತಿತ್ತು. ಎಲ್ಲರೂ ಬಿದ್ದು ಬಿದ್ದು ನಗ್ತಿದ್ರು."

ತನ್ನ ಮನೆಯ ಕಪಾಟಿನಲ್ಲಿ ತನಗೆ ಗೊತ್ತಿಲ್ಲದ ಒಂದು ಖಾನೆಯಿದೆ ಎಂದು ಯಾರೋ ಹೊರಗಿನವರು ಬಂದು ಹೇಳಿದ ಹಾಗಿತ್ತು ಆಕೆಯ ಮುಖ.

"ಮೊನ್ನೆ ನಿಮ್ಮ ಆಫೀಸಿನಿಂದ ನಾಲ್ಕು ಜನ ಬಂದಿದ್ರು," ಎಂದರು. "ಬಹಳ ತಮಾಷೆ ಮನುಷ್ಯ, ಬಹಳ ತಮಾಷೆ ಮನುಷ್ಯ ಅಂದ್ರು. ಏನು ತಮಾಷೆ ಅಂತ ಕೇಳ್ದೆ. ಒಬ್ಬರಿಗೂ ನೆನಪಿರ್ಲಿಲ್ಲ. ಬಾಯಿಮಾತಿಗೆ ಹೇಳ್ತಿದಾರೆ ಅಂದ್ಕೊಂಡೆ."

ಅವರಿಗೆ ನೆನಪಿಲ್ಲದ್ದು ಸಹಜವೇ. ಕೇಳಿದವರು ಅಲ್ಲೇ ನಕ್ಕು, ಅಲ್ಲೇ ಮುಗಿಸಿ, ಕೆಲಸಕ್ಕೆ ತಿರುಗಿದ್ದರು. ನಕ್ಕು ಮುಗಿದ ಮಾತನ್ನು ಯಾರೂ ಎತ್ತಿಡುವುದಿಲ್ಲ. ಆದರೆ ಅರ್ಥವಾಗದ ಮಾತನ್ನು ಎಸೆಯಲು ನಿಧಾನಯ್ಯನವರಿಗೆ ಮನಸ್ಸು ಬರುತ್ತಿರಲಿಲ್ಲ. ಯಾವತ್ತಾದರೂ ಬೇಕಾದೀತು ಎಂದು ಒಂದೊಂದನ್ನೂ, ತಾರೀಕಿನ ಸಮೇತ, ತಲೆಯಲ್ಲಿ ಜೋಡಿಸಿಟ್ಟಿದ್ದರು.

"ನಂಗೆ ನೆನಪಿದೆಯಮ್ಮಾ," ಎಂದರು. "ಅದೊಂದು ಬಿಟ್ರೆ ಯಾವುದೂ ಅರ್ಥ ಆಗಿಲ್ಲ. ಎಲ್ಲಾ ನೆನಪಿದೆ."

"ಹೇಳಿ."

"ಒಂದು ದಿನ ಮೀಟರ್ ಓದೋನು ತಡವಾಗಿ ಬಂದ. ನಾಯಿ ಅಟ್ಟಿಸ್ಕೊಂಡು ಬಂತು, ಎರಡು ಬೀದಿ ಓಡ್ದೆ ಅಂದ. ಅದಕ್ಕೆ ಇವರು, 'ನಾಳೆಯಿಂದ ಪುಸ್ತಕಾನ ನಾಯಿ ಕೈಗೇ ಕೊಡು. ನಿನಗಿಂತ ಬೇಗ ಎರಡು ಬೀದಿ ಮುಗ್ಸುತ್ತೆ' ಅಂದ್ರು. ನಾಯಿಗೆ ಕೈ ಎಲ್ಲಿರುತ್ತೆ ಅಂತ ನಂಗೆ ಇವತ್ತಿಗೂ..."

ಆಕೆಯ ತುಟಿಯ ಒಂದು ತುದಿ ಅಲುಗಿತು. "ಕೈ ವಿಷಯ ಅಲ್ಲ ಅದು," ಎಂದರು. "ಅವನು ಎರಡು ಬೀದಿ ಮೀಟರ್ ಓದೋಕೆ ಒಂದು ವಾರ ತಗೋತಿದ್ದ ಅಂತ ಕಾಣುತ್ತೆ. ನಾಯಿ ಹಿಂದೆ ಬಿದ್ದಾಗ ಮಾತ್ರ ಒಂದು ನಿಮಿಷದಲ್ಲಿ ಮುಗ್ಸಿದ."

ನಿಧಾನಯ್ಯನವರು ಯೋಚಿಸಿದರು. "ಓ," ಎಂದರು.

"ಇನ್ನೊಂದು ಹೇಳಿ."

"ನಮ್ಮ ಟೈಪಿಸ್ಟ್ ತಲೆನೋವು ಅಂತ ರಜೆ ಕೇಳಿದ್ರು. 'ತಲೇನ ಮನೇಲಿ ಬಿಟ್ಟು ಬನ್ನಿ, ಇಲ್ಲಿ ನಾವ್ಯಾರೂ ತಂದಿಲ್ಲ' ಅಂದ್ರು."

ಆಕೆ ನಕ್ಕರು. ತೀರಾ ಸಣ್ಣ ನಗು, ಬಹಳ ದಿನ ತೆಗೆಯದ ಬಾಗಿಲಿನ ಸದ್ದಿನ ಹಾಗೆ. ನಕ್ಕದ್ದಕ್ಕೆ ತಾವೇ ಗಾಬರಿಯಾಗಿ ಸುತ್ತ ನೋಡಿದರು. ಆಮೇಲೆ ಎದ್ದು ಹೋಗಿ ಕಾಫಿಗೆ ನೀರಿಟ್ಟು ಬಂದು, ಬೆಂಚಿನ ಮೇಲೆ ಕಾಲು ಮಡಚಿ ಕೂತರು. "ನಿಧಾನವಾಗಿ ಹೇಳಿ. ನಂಗೇನೂ ಕೆಲಸ ಇಲ್ಲ."

ಅವರು ಒಂದೊಂದಾಗಿ ತೆಗೆದರು. ಆಕೆ ಒಂದೊಂದನ್ನೂ ಬಿಡಿಸಿ ಹೇಳಿದರು. ಗೋಡೆಗಡಿಯಾರ ಹತ್ತು ಗಂಟೆಗೆ ನಿಂತು ವರ್ಷವಾದಾಗ, ಸರಿಮಾಡಿಸುವುದು ಬೇಡ, ಈ ಕಚೇರಿಯಲ್ಲಿ ಹತ್ತಕ್ಕೆ ಸರಿಯಾಗಿ ಇರುವುದು ಅದೊಂದೇ ಎಂದದ್ದು. ಜನ ಕಾಯುತ್ತಿದ್ದ ಕಡತವೊಂದು ಮೇಲಿನ ಕಚೇರಿಗೆ ಹೋಗಿ ಮರಳದಿದ್ದಾಗ, 'ಮೇಲೆ ಹೋದವರು ಯಾರಾದ್ರೂ ವಾಪಸ್ ಬಂದಿದಾರಾ, ಅದು ಬರೋಕೆ' ಎಂದದ್ದು. ಇದನ್ನು ಹೇಳಿದ ಮೇಲೆ ನಿಧಾನಯ್ಯನವರು ಎಂದಿನಂತೆ ವಿವರಣೆಗೆ ಕಾದರು. ಆಕೆ ನಗುತ್ತಲೇ ಇದ್ದರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊತ್ತಿಕೊಂಡರು, ಒತ್ತಿಕೊಂಡ ಸೆರಗನ್ನು ತೆಗೆಯಲಿಲ್ಲ. ಅಳುವಿಗೂ ನಗುವಿಗೂ ಅದೇ ಲಕ್ಷಣ ಎಂದು ಮಾವನವರು ಹೇಳಿದ್ದು ಸುಳ್ಳಲ್ಲವೆಂದು ನಿಧಾನಯ್ಯನವರಿಗೆ ಕಂಡಿತು. ಯಾವುದೆಂದು ಕೇಳುವ ಗೋಜಿಗೆ ಹೋಗಲಿಲ್ಲ.

ಕಾಫಿ ಎರಡು ಸಲ ಆಯಿತು.

"ಇನ್ನೊಂದಿದೆ," ಎಂದರು ಅವರು. "ಇದು ನಂಗೆ ಎಲ್ಲಕ್ಕಿಂತ ಕಷ್ಟದ್ದು. ಆರು ವರ್ಷದ ಹಿಂದೆ. ಬೆಳಿಗ್ಗೆ ಬಂದು ಕೂತ್ರು, ಕನ್ನಡಕ ಒರೆಸಿದ್ರು, ಯಾರೂ ಏನೂ ಕೇಳಿರ್ಲಿಲ್ಲ, 'ಇವತ್ತು ನಾನು ಹೊರಡೋವಾಗ ಅವಳು ಬಾಗಿಲ ತನಕ ಬಂದಿದ್ಲು' ಅಂದ್ರು. ಅಷ್ಟೇ. ಎಲ್ಲರೂ ನಕ್ಕರು. 'ಹೋಗೋದು ಖಾತ್ರಿ ಮಾಡ್ಕೊಳ್ಳೋಕೆ ಬಂದಿರ್ತಾರೆ' ಅಂತ ಯಾರೋ ಅಂದ್ರು, ಇವರೂ ನಕ್ಕರು. ನಾನು ಬಹಳ ಯೋಚ್ನೆ ಮಾಡಿದೀನಿ. ಇದರಲ್ಲಿ ತಮಾಷೆ ಎಲ್ಲಿದೆ ಅಂತ ಸಿಕ್ಕಿಲ್ಲ."

ಆಕೆ ವಿವರಿಸಲಿಲ್ಲ. ಕೈಯಲ್ಲಿದ್ದ ಲೋಟವನ್ನು ಬೆಂಚಿನ ಮೇಲಿಟ್ಟರು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ನಂಗೆ ಕಾಯಿಲೆ ಆಗಿತ್ತು," ಎಂದರು, ತಡೆದು ತಡೆದು. "ಹದಿನೆಂಟು ದಿನ ಹಾಸಿಗೆ ಬಿಟ್ಟು ಎದ್ದಿರ್ಲಿಲ್ಲ. ಉಳಿಯಲ್ಲ ಅಂದಿದ್ರು ಡಾಕ್ಟ್ರು. ಆವತ್ತು ಅವರು 'ಹೋಗ್ತೀನಿ' ಅಂದಾಗ ಗೋಡೆ ಹಿಡ್ಕೊಂಡು ಎದ್ದು ಬಂದೆ. ಅಗೋ, ಅಲ್ಲಿ ತನಕ. ಅವರು ಹಿಂತಿರುಗಿ ನೋಡಿದ್ರು. ಏ‌ನೂ ಅನ್ಲಿಲ್ಲ. ಹೋದ್ರು. ಕಂಡೂ ಕಾಣದ ಹಾಗೆ ಹೋದ್ರಲ್ಲ ಅಂತ ಆರು ವರ್ಷ ಮನಸ್ಸಲ್ಲಿ ಇಟ್ಕೊಂಡಿದ್ದೆ."

ನಿಧಾನಯ್ಯನವರಿಗೆ ಆ ಮಾತು ಮಾತ್ರ ಅಲ್ಲೇ, ಆಗಲೇ ಅರ್ಥವಾಯಿತು.

"ಆವತ್ತು ನೀವೂ ನಕ್ಕಿದ್ರಾ?" ಆಕೆ ಕೇಳಿದರು.

"ಇಲ್ಲಮ್ಮಾ. ನಾನೊಬ್ಬ ನಕ್ಕಿರ್ಲಿಲ್ಲ."

"ಒಳ್ಳೇದಾಯ್ತು," ಎಂದರು ಆಕೆ. ಬಹಳ ಹೊತ್ತು ಬಾಗಿಲನ್ನೇ ನೋಡಿದರು. ಆಮೇಲೆ, "ನಿಮಗೆ ಏನೋ ಬರೆದುಕೊಡ್ಬೇಕು ಅಂದ್ರಲ್ಲ. ಕಾಗದ ತಂದಿದೀರಾ?" ಎಂದರು.

ನಿಧಾನಯ್ಯನವರಿಗೆ ಅದು ಮರೆತೇಹೋಗಿತ್ತು. ಜೇಬಿನಲ್ಲಿ ಸಿಕ್ಕಿದ್ದು ಮಾವನವರ ಕರಡು. ಅದರ ಹಿಂದಿನ ಖಾಲಿ ಮಗ್ಗುಲಿನಲ್ಲಿ ಆಕೆ ದುಂಡಗೆ ನಾಲ್ಕು ಸಾಲು ಬರೆದು, ಮಡಚಿ ಕೊಟ್ಟರು.

ಸೋಮವಾರ ಸಾಹೇಬರು ಕಾಗದವನ್ನು ಬಿಡಿಸಿ, ಮೊದಲು ಹಿಂದುಮುಂದು ತಿಳಿಯದೆ ಮಾವನವರ ಮಗ್ಗುಲನ್ನೇ ಪೂರ್ತಿ ಓದಿ, ಆಮೇಲೆ ತಿರುಗಿಸಿದರು.

'ಮಾನ್ಯರೇ, ನನ್ನ ಗಂಡನ ಶೋಕಸಭೆಯಲ್ಲಿ ನಕ್ಕವರು ಒಬ್ಬರೇ ಎಂದು ತಿಳಿದುಬಂತು. ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಉಳಿದವರು ಯಾಕೆ ನಗಲಿಲ್ಲ ಎಂದು ದಯಮಾಡಿ ವಿಚಾರಿಸಿ ತಿಳಿಸಬೇಕಾಗಿ ವಿನಂತಿ.'

ಬೇರೆ ಅಧಿಕಾರಿಯಾಗಿದ್ದರೆ ಇದನ್ನು ದುಃಖದಲ್ಲಿರುವ ಹೆಂಗಸಿನ ಮಾತು ಎಂದು ಬದಿಗಿಡುತ್ತಿದ್ದರು. ಆದರೆ ಇದು ಸಾರ್ವಜನಿಕರಿಂದ ಲಿಖಿತವಾಗಿ ಬಂದ ಅರ್ಜಿ. ವಿಚಾರಿಸಿ ತಿಳಿಸಬೇಕು ಎಂದಿದೆ. ಸಾಹೇಬರು ವಿಚಾರಿಸಿದರು. ಮಂಗಳವಾರ ಬೆಳಿಗ್ಗೆ ಇಪ್ಪತ್ತೆರಡು ಮೇಜುಗಳಿಗೆ ಇಪ್ಪತ್ತೆರಡು ಮೆಮೊ ಬಂದವು. ಸದರಿ ಸಭೆಯಲ್ಲಿ ತಾವು ನಗದಿರುವುದಕ್ಕೆ ಕಾರಣವೇನೆಂದು ಮೂರು ದಿನಗಳೊಳಗಾಗಿ ಸಮಜಾಯಿಷಿ ನೀಡತಕ್ಕದ್ದು.

ಕಚೇರಿ ಜೇನುಗೂಡಾಯಿತು. ನಗುವುದಕ್ಕೆ ಕಾರಣ ಕೊಡಬಹುದು, ನಗದಿರುವುದಕ್ಕೆ ಏನೆಂದು ಕೊಡುವುದು? ಯೂನಿಯನ್ ಕಾರ್ಯದರ್ಶಿ ಧರಣಿ ಎಂದ. ಯಾವ ಬೇಡಿಕೆಗೆ ಎಂದು ಕೇಳಿದರೆ ಅವನಿಗೂ ತಿಳಿಯಲಿಲ್ಲ. ಕೊನೆಗೆ ಒಬ್ಬೊಬ್ಬರೇ ಪೆನ್ನು ಕಚ್ಚಿಕೊಂಡು ಕೂತು, ಆ ಮೌನದಲ್ಲಿ ತಾವು ಏನು ಮಾಡುತ್ತಿದ್ದೆವು ಎಂದು ನೆನಪಿಸಿಕೊಂಡರು. ಟೈಪಿಸ್ಟ್ ಹೆಂಗಸು, ಮನೆಯ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ ಎಂದು ಬರೆದಳು. ಮೀಟರ್ ಓದುವವನು ಬೂಟಿನೊಳಗೆ ಒಂದು ಕಲ್ಲಿತ್ತು ಎಂದು ಬರೆದ. ಹೆಡ್ ಕ್ಲಾರ್ಕರ ವಿಷಯ ಯೋಚಿಸುತ್ತಿದ್ದೆ ಎಂದು ಬರೆದವರು ಯಾರೂ ಇರಲಿಲ್ಲ. ಬರೆದು ಮುಗಿಸಿದ ಮೇಲೆ ಅದು ಅವರವರಿಗೇ ಕಂಡು, ಹಾಲಿನಲ್ಲಿ ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗಡಿಯಾರ ಹಿಡಿಯದೆ ನಡೆದ ಆ ಮೌನ ಎಷ್ಟು ನಿಮಿಷದ್ದೋ.

ಭಾನುವಾರ ಆ ಮನೆಯಲ್ಲಿ ನಡೆದ ಮಾತು ಹೇಗೋ ಕಿವಿಗೆ ಬಿದ್ದು, ಮಧ್ಯಾಹ್ನದ ಮೇಲೆ ಟೈಪಿಸ್ಟ್ ದಾಖಲೆ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. "ಅವರು ನನ್ನ ತಲೆನೋವಿಗೆ ಏನೋ ಒಂದು ಅಂದಿದ್ರಂತಲ್ಲ. ಏನದು?" ನಿಧಾನಯ್ಯನವರು ಹೇಳಿದರು. ಅವಳ ಹಿಂದೆ ಮೀಟರ್ ಓದುವವನು ನಿಂತಿದ್ದ. ಅವನ ಹಿಂದೆ ಇನ್ನಿಬ್ಬರು. ಒಬ್ಬೊಬ್ಬರಿಗೂ ಅವರವರ ಪಾಲಿನದು ಇತ್ತು. ಅರ್ಥವನ್ನೂ ಜೊತೆಗೇ ಕೊಡುವಷ್ಟು ನಿಧಾನಯ್ಯನವರು ಈಗ ಸಮರ್ಥರಾಗಿದ್ದರು.

ಆ ಸಭೆಯಲ್ಲಿ ನಗದೆ ನಿಂತವರಲ್ಲಿ ಸಾಹೇಬರೂ ಒಬ್ಬರು. ನಿಯಮ ಎಲ್ಲರಿಗೂ ಒಂದೇ ಆದ್ದರಿಂದ ಅವರು ತಮ್ಮ ಹೆಸರಿಗೂ ಒಂದು ಮೆಮೊ ಬರೆದುಕೊಂಡಿದ್ದರು. ಗಡುವಿನ ಕೊನೆಯ ದಿನ, ನಾಲ್ಕು ಗಂಟೆಗೆ, ನಿಧಾನಯ್ಯನವರನ್ನು ಕರೆಸಿದರು. ಮೇಜಿನ ಮೇಲೆ ಅವರ ಸಮಜಾಯಿಷಿ ಇತ್ತು. ಅದರಲ್ಲಿ ಒಂದೇ ಸಾಲು: 'ನನಗೆ ಅವರ ಪರಿಚಯವಿರಲಿಲ್ಲ.'

"ಕಾರಣ ಸರಿಯಾಗಿದೆ," ಎಂದರು ಸಾಹೇಬರು. "ಆದರೆ ಸಾಲದು." ಎದ್ದು, ಬಾಗಿಲು ಹಾಕಿ ಬಂದು, ಎದುರಿನ ಕುರ್ಚಿ ತೋರಿಸಿದರು.

"ಕೂತ್ಕೊಳ್ಳಿ. ಮೊದಲಿಂದ ಹೇಳಿ."